ಹಳ್ಳಿಯ ಇಗರ್ಜಿ: ಊರಿನ ಪಾಲಿನ ಆಸ್ತಿ
(ಅತ್ತೂರಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ಒಂದಿಷ್ಟು ವಿಚಾರ)



ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಎಂದರೆ ಸಾಮಾನ್ಯವಾಗಿ ಅಧ್ಯಕ್ಷರ ಮಾತು, ಕಾರ್ಯದರ್ಶಿಯವರ ವರದಿ, ಪಾಲು ಬಂಡವಾಳ, ಠೇವಣಿ, ಸಾಲ ವಸೂಲಾತಿಯ ಅಂಕೆಸಂಖ್ಯೆ, ಕೊನೆಗೆ ಜಾಹೀರಾತು, ಇಷ್ಟು ಇರುತ್ತದೆ. ಇರಬೇಕಾದದ್ದೇ. ಅಢಾವೆ ಪತ್ರಿಕೆ ಇಲ್ಲದ ಸಂಘ ಉಂಟೇ? ಆದರೆ ಸಂಘಕ್ಕೆ ಹೇಗೋ ಹಾಗೆ ಊರಿಗೂ ಒಂದು ಅಢಾವೆ ಪತ್ರಿಕೆ ಬರೆದು ನೋಡಿದರೆ ಆಸ್ತಿಯ ಕಡೆಯಲ್ಲಿ ಏನೇನು ಬರೆಯಬೇಕಾದೀತು? ಗದ್ದೆ, ತೋಟ, ಕೆರೆ, ಶಾಲೆ, ದೇವಸ್ಥಾನ, ದೈವಸ್ಥಾನ, ಬಸದಿ, ಮಸೀದಿ, ಇಗರ್ಜಿ, ಎಲ್ಲವನ್ನೂ ಬರೆಯಬೇಕು. ಇವು ಯಾರ ಹೆಸರಿನಲ್ಲಿ ಪಹಣಿಯಲ್ಲಿ ದಾಖಲಾಗಿದ್ದರೂ ಊರಿನ ಹತ್ತು ಸಮಸ್ತರು ಸೇರಿ ಗಳಿಸಿದವು. ಈ ಲೇಖನದಲ್ಲಿ ನಾವು ಅವುಗಳಲ್ಲಿ ಒಂದನ್ನು, ಅಂದರೆ ನಮ್ಮ ಕರಾವಳಿಯ ಹಳ್ಳಿ ಇಗರ್ಜಿಯನ್ನು ಎತ್ತಿಕೊಂಡಿದ್ದೇವೆ.

ಇದನ್ನು ಎತ್ತಿಕೊಳ್ಳಲು ಕಾರಣವುಂಟು. ನಮ್ಮ ಸುತ್ತಮುತ್ತ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕೆ ಬರುತ್ತಿವೆ. ಜನ ಹೆಚ್ಚಾಯಿತು, ಜಾಗ ಸಾಲದು, ಮಾಡು ಸೋರುತ್ತದೆ, ಗೆದ್ದಲು ಹಿಡಿದಿದೆ, ಹೀಗೆ ಕಾರಣಗಳು. ಕಾರಣಗಳು ಸುಳ್ಳೆಂದು ನಾವು ಹೇಳುವುದಿಲ್ಲ. ಕೆಡವುವುದಕ್ಕೆ ಜೆಸಿಬಿಗೆ ಅರ್ಧ ದಿನ ಸಾಕು. ಕೆಡವಿದ ಮೇಲೆ 'ಅಯ್ಯೋ, ಅದನ್ನು ಉಳಿಸಬಹುದಿತ್ತಲ್ಲ' ಎಂದು ಹೇಳಿ ಪ್ರಯೋಜನವಿಲ್ಲ. ಆದ್ದರಿಂದ ಯಾವುದನ್ನು ಉಳಿಸಬೇಕು, ಏಕೆ ಉಳಿಸಬೇಕು ಎಂಬ ಮಾತು ಮೊದಲೇ ಆಗಬೇಕು. ಅದಕ್ಕೆ ಕಾರ್ಕಳದ ಅತ್ತೂರು ಸೈಂಟ್ ಲಾರೆನ್ಸ್ ಇಗರ್ಜಿಯ ಚರಿತ್ರೆ ಒಳ್ಳೆಯ ಪಾಠ.

ಇಗರ್ಜಿ ಕರಾವಳಿಗೆ ಬಂದ ಬಗೆ

'ಇಗರ್ಜಿ' ಎಂಬ ಮಾತೇ ಪೋರ್ಚುಗೀಸರದ್ದು. ಅವರ 'ಇಗ್ರೇಜ' ನಮ್ಮ ಬಾಯಲ್ಲಿ ಇಗರ್ಜಿ ಆಯಿತು. ಪಾದ್ರಿ, ಮೇಜು, ಚಾವಿ, ಜನೇಲು ಇವೂ ಅದೇ ಹಡಗಿನಲ್ಲಿ ಬಂದ ಮಾತುಗಳು. ಇಂದು ಕ್ರೈಸ್ತರಲ್ಲದ ಮನೆಗಳಲ್ಲೂ ಜನೇಲಿಗೆ ಜನೇಲು ಎಂದೇ ಹೇಳುತ್ತಾರೆ. ಮಾತು ಹೀಗೆ ಊರಿನದ್ದಾಗಿ ಹೋಯಿತು.

ಮಂಗಳೂರಿನ ರೊಸಾರಿಯೊ ಇಗರ್ಜಿ 1568ರಲ್ಲಿ ಆರಂಭವಾಯಿತು. ಆದರೆ ಹಳ್ಳಿಗಳಿಗೆ ಇಗರ್ಜಿ ಬಂದದ್ದು ವ್ಯಾಪಾರದಿಂದಲ್ಲ, ಬೇಸಾಯದಿಂದ. ಗೋವೆಯಲ್ಲಿ 1560ರಲ್ಲಿ ಆರಂಭವಾದ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ಕಿರುಕುಳ, ಬರಗಾಲ, ತೆರಿಗೆಯ ಹೊರೆ, ಆಮೇಲೆ ಮರಾಠರ ದಂಡಯಾತ್ರೆಗಳು, ಇವುಗಳಿಂದ ಬೇಸತ್ತ ಕೊಂಕಣಿ ಮಾತಾಡುವ ಕುಟುಂಬಗಳು ತಲೆಮಾರುಗಳ ಕಾಲ ತೆಂಕಣಕ್ಕೆ ಬಂದವು. ಬಂದವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಆಗ ಈ ಸೀಮೆ ಕೆಳದಿಯ ನಾಯಕರ ಕೈಯಲ್ಲಿತ್ತು. ಕಾಡು ಕಡಿದು ಗದ್ದೆ ಮಾಡುವ ಕೈಗಳು ಅರಸರಿಗೆ ಬೇಕಿತ್ತು. ಬಂದವರಿಗೆ ನೆಲ ಬೇಕಿತ್ತು. ಹೀಗೆ ಎರಡೂ ಕಡೆಯ ಅಗತ್ಯ ಕೂಡಿ ಬಂತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 1678ರದ್ದು. ಮುಂದೆ 1681ರ ಸುಮಾರಿಗೆ ಗೋವೆಯಿಂದ ಬಂದ ಜೋಸೆಫ್ ವಾಜ್ ಎಂಬ ಪಾದ್ರಿಗಳು ಮಂಗಳೂರು ಸೀಮೆಯ ಹಳ್ಳಿಗಳನ್ನು ಸುತ್ತಿ ಕೆಲಸ ಮಾಡಿ, 1687ರಲ್ಲಿ ಸಿಂಹಳಕ್ಕೆ ಹೋದರು. ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸರು ಸಂತರೆಂದು ಘೋಷಿಸಿದರು.

ಅತ್ತೂರು: ಬಿದ್ದೆದ್ದ ಚರಿತ್ರೆ

ಕಾರ್ಕಳ ಎಂದರೆ ಎಲ್ಲರಿಗೂ ನೆನಪಾಗುವುದು 1432ರಲ್ಲಿ ನಿಲ್ಲಿಸಿದ ಗೊಮ್ಮಟ, 1586ರ ಚತುರ್ಮುಖ ಬಸದಿ, ಪಡುತಿರುಪತಿ ಎನಿಸಿದ ವೆಂಕಟರಮಣ ದೇವಸ್ಥಾನ. ಇವುಗಳ ಸಾಲಿನಲ್ಲಿ ನಾಲ್ಕನೆಯದಾಗಿ ಅತ್ತೂರನ್ನು ಹೇಳುವುದು ನಮ್ಮ ಕಡೆಯ ರೂಢಿ. ಪೇಟೆಯಿಂದ ಕೆಲವೇ ಮೈಲು ದೂರದಲ್ಲಿ, ಪರ್ಪಲೆ ಗುಡ್ಡೆಯ ಕೆಳಗೆ ಇದು ಇದೆ.

ಕಾರ್ಕಳದ ಸೈಂಟ್ ಲಾರೆನ್ಸ್ ಇಗರ್ಜಿ 1759ರಲ್ಲೇ ಇತ್ತೆಂದು ತಿಳಿದುಬರುತ್ತದೆ. ಆಗ ಅದು ಇದ್ದದ್ದು ಈಗಿನ ಜಾಗದಲ್ಲಲ್ಲ. ಎರಡನೆಯ ಮೈಸೂರು ಯುದ್ಧದಲ್ಲಿ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರು ಎಂಬ ಗುಮಾನಿಯಿಂದ ಟಿಪ್ಪು ಸುಲ್ತಾನನ ಆಡಳಿತ 1784ರ ಫೆಬ್ರವರಿಯಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿತು. ಹೋದವರು ಎಷ್ಟು ಸಾವಿರ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ದಾರಿಯಲ್ಲೇ ಸತ್ತವರು ಬಹಳ. ಕೆಡವಿದ ಇಗರ್ಜಿಗಳು 27 ಎಂದು ಚರಿತ್ರೆಕಾರರು ಬರೆದಿದ್ದಾರೆ. ಕಾರ್ಕಳದ್ದೂ ಅದರಲ್ಲಿ ಹೋಯಿತು.

ಇಲ್ಲಿ ಒಂದು ಸಂಗತಿಯನ್ನು ನಾವು ಮರೆಯಬಾರದು. ಮೂಡುಬಿದಿರೆ ಬಳಿಯ ಹೊಸ್ಪೆಟ್ ಇಗರ್ಜಿ ಮಾತ್ರ ಉಳಿಯಿತು. ಉಳಿದದ್ದು ಮೂಡುಬಿದಿರೆಯ ಚೌಟ ಅರಸರ ಮಾತಿನಿಂದ ಎಂದು ದಾಖಲಾಗಿದೆ. ಚೌಟರು ಜೈನರು. ಕೇಳಿಕೊಂಡದ್ದು ಮುಸ್ಲಿಂ ದೊರೆಯನ್ನು. ಉಳಿಸಿದ್ದು ಕ್ರೈಸ್ತರ ಇಗರ್ಜಿಯನ್ನು. ನೆರೆಕರೆ ಎಂದರೆ ಏನೆಂದು ತಿಳಿಯಲು ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಸೀಮೆಯಲ್ಲಿ ಸಿಕ್ಕಲಿಕ್ಕಿಲ್ಲ. ಆ ಕಾಲದ ನೋವನ್ನು ಹೇಳುವಾಗ ಈ ಒಂದು ಸಾಲನ್ನು ಬಿಟ್ಟು ಹೇಳಿದರೆ ಚರಿತ್ರೆ ಅರ್ಧವಾಗುತ್ತದೆ. ನೋವನ್ನು ಮುಚ್ಚಿಟ್ಟು ಈ ಸಾಲನ್ನು ಮಾತ್ರ ಹೇಳಿದರೂ ಅದು ಅರ್ಧವೇ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಬದುಕಿ ಉಳಿದವರು ಊರಿಗೆ ಮರಳಿದರು. ಹದಿನೈದು ವರ್ಷ ಕಳೆದಿತ್ತು. ಮನೆ ಇಲ್ಲ, ಗದ್ದೆ ಬೇರೆಯವರ ಕೈಯಲ್ಲಿ, ಇಗರ್ಜಿ ಇದ್ದಲ್ಲಿ ಮುಳ್ಳು. ಹೀಗಿದ್ದೂ ಅವರು 1801ರಲ್ಲಿ ಹುಲ್ಲಿನ ಮಾಡಿನ ಒಂದು ಇಗರ್ಜಿ ಕಟ್ಟಿಕೊಂಡರು. ತಮಗೇ ನೆಟ್ಟಗೆ ಸೂರಿಲ್ಲದ ಜನ ಎರಡೇ ವರ್ಷದೊಳಗೆ ಕೂಡುವ ಜಾಗವೊಂದನ್ನು ಮಾಡಿಕೊಂಡರೆಂದರೆ, ಅವರಿಗೆ ಅದು ಪ್ರಾರ್ಥನೆಗೆ ಮಾತ್ರವಲ್ಲ, ಚದುರಿಹೋದ ಮನೆಗಳನ್ನು ಮತ್ತೆ ಒಂದು ಊರಾಗಿ ಕಟ್ಟುವುದಕ್ಕೂ ಬೇಕಿತ್ತು. ಯಾರು ಬದುಕಿದ್ದಾರೆ, ಯಾರು ಇಲ್ಲ, ಯಾರ ಮಗಳು ಯಾರ ಮನೆಯಲ್ಲಿದ್ದಾಳೆ ಎಂಬ ಸುದ್ದಿ ಸಿಗುವ ಜಾಗ ಬೇರೆ ಯಾವುದಿತ್ತು?

1839ರಲ್ಲಿ ಇಗರ್ಜಿ ಈಗಿನ ಅತ್ತೂರಿಗೆ ಬಂತು. ಇದರ ಬಗ್ಗೆ ಹಿರಿಯರು ಹೇಳುತ್ತ ಬಂದ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ಒಂದೂವರೆ ಅಡಿಯಷ್ಟು ಎತ್ತರದ ಸಂತ ಲಾರೆನ್ಸರ ಮರದ ಮೂರ್ತಿಯನ್ನು ಹಿಡಿದುಕೊಂಡು ಜನ ಹೊಸ ಜಾಗ ಹುಡುಕುತ್ತಾ ಹೊರಟರು. ಪರ್ಪಲೆ ಗುಡ್ಡೆ ಇಳಿದು ಬರುವಾಗ ನೀರಿನ ಒರತೆ ಕಂಡಿತು. ಮೂರ್ತಿಯನ್ನು ನೆಲದಲ್ಲಿಟ್ಟು ನೀರು ಕುಡಿದು, ಮತ್ತೆ ಎತ್ತಲು ಹೋದರೆ ಮೂರ್ತಿ ಏಳಲಿಲ್ಲ. ಅಲ್ಲೇ ಇಗರ್ಜಿ ಕಟ್ಟುತ್ತೇವೆ ಎಂದು ಹರಕೆ ಹೇಳಿಕೊಂಡ ಮೇಲೆ ಎದ್ದಿತು. ಆ ಒರತೆಯೇ ಇಂದಿನ ಕೆರೆ. ಇದು ನಂಬಿಕೆಯ ಮಾತು, ನಂಬಿಕೆಯಾಗಿಯೇ ಇರಲಿ. ಆದರೆ ಒಂದನ್ನು ಗಮನಿಸಿ. ಇಂಥದೇ ಕತೆ ನಮ್ಮ ಎಷ್ಟೋ ದೇವಸ್ಥಾನಗಳಿಗೂ, ದೈವದ ಕಲ್ಲುಗಳಿಗೂ ಉಂಟು. ಇಟ್ಟಲ್ಲಿಂದ ಏಳದ ಮೂರ್ತಿ, ಗುಡ್ಡದ ಬುಡದ ನೀರು ಎಂದರೆ ತುಳುನಾಡಿನವರಿಗೆ ಬೇರೆ ವಿವರಣೆ ಬೇಡ. ರೋಮ್ ನಗರದ ಸಂತ ನಮ್ಮ ನೆಲದ ರೀತಿಯಲ್ಲೇ ನಮ್ಮ ನೆಲದಲ್ಲಿ ನೆಲೆಯಾದರು.

1839ರ ಕಟ್ಟಡವೂ ಕಾಲಕ್ರಮದಲ್ಲಿ ಶಿಥಿಲವಾಯಿತು. 1900ರಲ್ಲಿ ಹೊಸ ಕಟ್ಟಡದ ಕೆಲಸ ಆರಂಭವಾಗಿ, 1901ರ ಜನವರಿ 22ರಂದು ಆಗಿನ ಮಂಗಳೂರು ಬಿಷಪ್ ಕವಾದಿನಿಯವರು ಅದನ್ನು ಆಶೀರ್ವದಿಸಿದರು. 2012ರಲ್ಲಿ ಉಡುಪಿ ಧರ್ಮಪ್ರಾಂತ ಬೇರೆಯಾದಾಗ ಅತ್ತೂರು ಅದರ ಪಾಲಿಗೆ ಬಂತು. 2016ರಲ್ಲಿ ಇದನ್ನು ಬಸಿಲಿಕ ಎಂದು ಘೋಷಿಸಿದರು. ಬೆಂಗಳೂರಿನ ಸೈಂಟ್ ಮೇರಿಸ್ ಬಿಟ್ಟರೆ ಕರ್ನಾಟಕದಲ್ಲಿ ಆ ಗೌರವ ಪಡೆದ ಎರಡನೆಯದು ನಮ್ಮ ಹಳ್ಳಿಯ ಈ ಇಗರ್ಜಿ.

ಹಾಗಾದರೆ ಹಳೆಯದು ಯಾವುದು?

1759, 1784, 1801, 1839, 1901. ಈ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಇಗರ್ಜಿಗೆ ಇನ್ನೂರ ಅರುವತ್ತು ವರ್ಷ ದಾಟಿದೆ ಎನ್ನುತ್ತೇವೆ. ಆದರೆ ಆ ಇಡೀ ಕಾಲ ನಿಂತ ಕಟ್ಟಡ ಒಂದೂ ಇಲ್ಲ. ಜಾಗವೂ ಬದಲಾಗಿದೆ. ಹಾಗಾದರೆ ಉಳಿದು ಬಂದದ್ದು ಯಾವುದು? ಒಂದು ಹೆಸರು, ಒಂದು ಚಿಕ್ಕ ಮರದ ಮೂರ್ತಿ, ಒಂದು ನೀರಿನ ಒರತೆ, ಮತ್ತು ಬಿದ್ದದ್ದನ್ನು ಎತ್ತಿ ಕಟ್ಟುವ ಜನ. ಪರಂಪರೆ ಎಂದರೆ ಗೋಡೆ ಮಾತ್ರ ಎಂದು ತಿಳಿದವರು ಇದನ್ನು ಯೋಚಿಸಬೇಕು.

ಇದನ್ನು ಕೇಳಿ ಕೆಲವರು ಹೇಳಬಹುದು: 'ಹಾಗಿದ್ದರೆ ಗೋಡೆ ಹೋದರೇನು? ಕೆಡವಿ ಹೊಸದು ಕಟ್ಟುವ. ಹಿರಿಯರೂ ಅದನ್ನೇ ಮಾಡಿದ್ದಲ್ವಾ?' ಮಾತು ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ಹಿರಿಯರು ಕಟ್ಟಿದ್ದು ಬಿದ್ದ ಮೇಲೆ ಅಥವಾ ಬೀಳುವಂತಾದಾಗ. ಗಟ್ಟಿ ಇದ್ದದ್ದನ್ನು ನೆರೆಯೂರಿನವರದ್ದಕ್ಕಿಂತ ದೊಡ್ಡದು ಬೇಕೆಂದು ಕೆಡವಿದ್ದಲ್ಲ. ಇನ್ನೊಂದು ಮಾತು, ಅವರಿಗೆ ಕಟ್ಟುವ ಕಸುಬು ಗೊತ್ತಿತ್ತು. ಅದೇ ಕಲ್ಲು, ಅದೇ ಸುಣ್ಣ, ಅದೇ ಮರ, ಅದೇ ಕೈ. ಹೋದದ್ದನ್ನು ಹೋದ ಹಾಗೆಯೇ ಮರಳಿ ತರುವ ತಾಕತ್ತು ಇತ್ತು. ಇವತ್ತು ಒಂದು ಸುಣ್ಣದ ಗೋಡೆ ಕೆಡವಿದರೆ ಅಂಥದೇ ಇನ್ನೊಂದನ್ನು ಕಟ್ಟುವ ಮೇಸ್ತ್ರಿಯನ್ನು ಹುಡುಕಿ ತರಬೇಕು. ಕಟ್ಟಡದೊಟ್ಟಿಗೆ ಕಸುಬೂ ಹೋಗುತ್ತದೆ.

ಮುರಕಲ್ಲು, ಸುಣ್ಣ, ಹಂಚು

ಆ ಕಸುಬಿನ ಬಗ್ಗೆ ನಾಲ್ಕು ಮಾತು. ನಮ್ಮ ಹಳೆಯ ಇಗರ್ಜಿಗಳ ಗೋಡೆ ಮುರಕಲ್ಲಿನದ್ದು. ಇತ್ತೀಚಿನವರು ಕೆಂಪುಕಲ್ಲು ಎನ್ನುತ್ತಾರೆ. ನೆಲದಡಿಯಲ್ಲಿ ಇರುವಾಗ ಕತ್ತಿ ಹಾಕಿದರೆ ಕಡಿಯುವಷ್ಟು ಮೆದು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ಡಾಕ್ಟರು 1801ರಲ್ಲಿ ನಮ್ಮ ಸೀಮೆಯಲ್ಲಿ ಸಂಚರಿಸಿದ್ದರು. ಕಾರ್ಕಳದವರು ಹುಲ್ಲಿನ ಇಗರ್ಜಿ ಕಟ್ಟಿದ ವರ್ಷವೇ ಅದು. ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟು 1807ರ ತಮ್ಮ ಪ್ರವಾಸ ಗ್ರಂಥದಲ್ಲಿ ಬರೆದವರು ಅವರೇ. ಲ್ಯಾಟಿನಿನಲ್ಲಿ ಅದರ ಅರ್ಥ ಇಟ್ಟಿಗೆ. ಇಂದು ಜಗತ್ತಿನ ಭೂಗರ್ಭ ಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇರುವ ಹೆಸರು ನಮ್ಮ ಈ ಪಶ್ಚಿಮ ಕರಾವಳಿಯ ಕಲ್ಲಿನಿಂದ ಹುಟ್ಟಿದ್ದು.

ಕಲ್ಲಿನ ನಡುವೆ ಹಾಕುತ್ತಿದ್ದುದು ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ. ಮಾಡಿಗೆ ಮೊದಲು ಹುಲ್ಲು, ಆಮೇಲೆ ಹಂಚು. ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಇಗರ್ಜಿ, ದೇವಸ್ಥಾನ, ಮಸೀದಿ, ಗುತ್ತಿನ ಮನೆ, ಶಾಲೆ ಎಲ್ಲದರ ತಲೆಯ ಮೇಲೂ ಒಂದೇ ಮಂಗಳೂರು ಹಂಚು ಬಂತು. ಜಾತಿ ಮತ ನೋಡದೆ ಎಲ್ಲರಿಗೂ ನೆರಳು ಕೊಟ್ಟ ಹಂಚು ಅದು.

ಕಾರ್ಕಳದ ಕಡೆ ವರ್ಷಕ್ಕೆ 4000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ. ಅಷ್ಟು ಮಳೆಯಲ್ಲಿ ಮುರಕಲ್ಲಿನ ಗೋಡೆ ನೂರು ವರ್ಷ ನಿಲ್ಲುವುದು ಹೇಗೆ? ಗುಟ್ಟು ಇರುವುದು ಸುಣ್ಣದಲ್ಲಿ. ಮುರಕಲ್ಲು ತೂತು ತೂತಿನ ಕಲ್ಲು, ನೀರು ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಬೇಸಗೆಯಲ್ಲಿ ಹೊರಗೆ ಬಿಡುತ್ತದೆ. ಅಂಥ ಗೋಡೆಗೆ ಮೇಲಿನಿಂದ ಸಿಮೆಂಟ್ ಬಳಿದು ಆಯಿಲ್ ಪೈಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಕೆಲವೇ ವರ್ಷಗಳಲ್ಲಿ ಗಾರೆ ಉಬ್ಬಿ ಕಲ್ಲನ್ನು ಸಮೇತ ಎಳೆದುಕೊಂಡು ಬೀಳುತ್ತದೆ. ಆಗ ನಾವು 'ಹಳೆಯ ಗೋಡೆ, ಗಟ್ಟಿ ಇಲ್ಲ' ಎನ್ನುತ್ತೇವೆ. ಗೋಡೆ ಹಾಳಾದದ್ದು ವಯಸ್ಸಿನಿಂದಲ್ಲ, ರಿಪೇರಿಯಿಂದ. ಇಗರ್ಜಿಗೆ ಹೇಳಿದ ಈ ಮಾತು ನಿಮ್ಮ ಮನೆಯ ಹಳೆಯ ಗೋಡೆಗೂ ಸಲ್ಲುತ್ತದೆ, ನೋಡಿಕೊಳ್ಳಿ.

ಇಗರ್ಜಿ ಊರಿಗೆ ಕೊಟ್ಟದ್ದು

ಹಳ್ಳಿ ಇಗರ್ಜಿಯ ಬೆಲೆ ಕಟ್ಟುವಾಗ ಕಟ್ಟಡದ ಹೊರಗೂ ನೋಡಬೇಕು.

ಮೊದಲನೆಯದು ಪುಸ್ತಕಗಳು. ಪ್ರತಿ ಇಗರ್ಜಿಯಲ್ಲಿ ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳಿರುತ್ತವೆ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಮಂದಿಗೆ ವಯಸ್ಸಿನ ಆಧಾರ ಎಂದರೆ ಇಗರ್ಜಿಯ ಪುಸ್ತಕದ ಒಂದು ಸಾಲು. ಪೆನ್ಶನಿಗೆ, ಪಾಸ್‌ಪೋರ್ಟಿಗೆ, ಆಸ್ತಿ ಪಾಲಿಗೆ ಅದೇ ಸಾಲನ್ನು ಹುಡುಕಿಕೊಂಡು ಜನ ಬರುತ್ತಾರೆ. ಯಾವ ವರ್ಷ ಎಷ್ಟು ಮಕ್ಕಳು ಸತ್ತರು, ಯಾವ ಊರಿಗೂ ಯಾವ ಊರಿಗೂ ಸಂಬಂಧ ಬೆಳೆಯಿತು ಎಂಬುದೆಲ್ಲ ಆ ಪುಟಗಳಲ್ಲಿದೆ. ಇಗರ್ಜಿಯೊಟ್ಟಿಗೆ ಪುಸ್ತಕವೂ ಹೋದ ಕಡೆ ಅದಕ್ಕೆ ಹಿಂದಿನ ಮನೆತನದ ಕತೆ ಬಾಯಿಮಾತಿನಲ್ಲಿ ಮಾತ್ರ ಉಂಟು. ಕಟ್ಟಡಕ್ಕಿಂತ ಬೇಗ ಹಾಳಾಗುವ ಆಸ್ತಿ ಇದು. ಅದಕ್ಕೆ ಒಂದು ಮಳೆಗಾಲದ ಸೋರಿಕೆ, ನಾಲ್ಕು ಬೆಳ್ಳಿಮೀನು ಹುಳ ಸಾಕು.

ಎರಡನೆಯದು ಶಾಲೆ. ಎಷ್ಟೋ ಇಗರ್ಜಿಗಳ ಪಕ್ಕದಲ್ಲೇ ಪ್ರಾಥಮಿಕ ಶಾಲೆ ಇತ್ತು. ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಕನ್ನಡ ಅಕ್ಷರ ಕಲಿತರು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇದರಿಂದ ಇನ್ನೊಂದು ಉಪಕಾರವಾಯಿತು. ನಮ್ಮ ಕಡೆಯ ಕ್ರೈಸ್ತರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯತೊಡಗಿದರು. 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಪತ್ರಿಕೆಗಳು ಹುಟ್ಟಿದ್ದು ಕನ್ನಡ ಅಕ್ಷರಗಳಲ್ಲೇ.

ಮೂರನೆಯದು ಕೂಡಿ ನಡೆಸುವ ಅಭ್ಯಾಸ. ಇಗರ್ಜಿಯ ವ್ಯಾಪ್ತಿಯನ್ನು ವಾಡೆಗಳಾಗಿ ಮಾಡಿ, ವಾಡೆಗೊಬ್ಬ ಗುರ್ಕಾರನನ್ನು ಇಡುತ್ತಾರೆ. ಸುದ್ದಿ ಮುಟ್ಟಿಸುವುದು, ವಂತಿಗೆ ಎತ್ತುವುದು, ಜಗಳ ಬಿಡಿಸುವುದು, ಸತ್ತ ಮನೆಗೆ ಜನ ಸೇರಿಸುವುದು ಅವನ ಕೆಲಸ. ಹಬ್ಬದ ದಿನ ತೋಟದ ಮೊದಲ ಬೆಳೆ, ಬಾಳೆಗೊನೆ, ಕುಂಬಳಕಾಯಿ, ಕೋಳಿ ತಂದೊಪ್ಪಿಸಿ, ಅದನ್ನು ಅಲ್ಲೇ ಏಲಂ ಹಾಕಿ ಹಣ ಕೂಡಿಸುವ ಕ್ರಮವೂ ಉಂಟು. ದೇವಸ್ಥಾನಕ್ಕೆ ಹತ್ತು ಸಮಸ್ತರು, ದೈವಸ್ಥಾನಕ್ಕೆ ಗುತ್ತು ಬರ್ಕೆಯವರು, ಇಗರ್ಜಿಗೆ ಗುರ್ಕಾರರು. ಸಹಕಾರಿ ಸಂಘಗಳ ಮೊದಲ ಕಾನೂನು 1904ರಲ್ಲಿ ಬಂತು, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು, ನಮ್ಮ ಜಿಲ್ಲೆಗೆ ಮೊಳಹಳ್ಳಿ ಶಿವರಾಯರು ಸಹಕಾರ ತತ್ವವನ್ನು ತಂದು ಬೆಳೆಸಿದರು. ಆ ಬೀಜ ಇಲ್ಲಿ ಬೇಗ ಮೊಳೆತದ್ದೇಕೆ? ಹತ್ತು ಜನ ಸೇರಿ ಕಾಸು ಕೂಡಿಸಿ, ಲೆಕ್ಕ ಇಟ್ಟು, ಊರ ಕೆಲಸ ಮಾಡುವ ನೆಲ ಮೊದಲೇ ಉತ್ತು ಹದವಾಗಿತ್ತು ಎಂದೇ ನಮ್ಮ ಅಭಿಪ್ರಾಯ.

ನೆಲದ ಮಾತು ಬಂದಾಗ ಭೂಸುಧಾರಣೆಯನ್ನೂ ಹೇಳಲೇಬೇಕು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರದ ವಶವಾಗಿ, ಡಿಕ್ಲರೇಶನ್ ಕೊಟ್ಟ ಒಕ್ಕಲುಗಳಿಗೆ ಸಿಕ್ಕಿತು. ದೇವಸ್ಥಾನ, ಬಸದಿ, ಇಗರ್ಜಿಗಳ ಗೇಣಿ ಜಮೀನೂ ಹೀಗೆ ಹೋಯಿತು. ಬಡವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಇಂದು ನಮ್ಮಂಥ ಸಂಘಗಳಲ್ಲಿ ಬೆಳೆಸಾಲ ಪಡೆಯುವ ಸದಸ್ಯರಲ್ಲಿ ಎಷ್ಟೋ ಮಂದಿಯ ಪಹಣಿ ಹುಟ್ಟಿದ್ದು ಆ ಕಾನೂನಿನಿಂದ. ಆದರೆ ಹಳೆಯ ಕಟ್ಟಡಗಳ ಮಾಡು ಬಿಚ್ಚಿ ಕಟ್ಟಲು, ಸುಣ್ಣ ಬಳಿಯಲು ಬರುತ್ತಿದ್ದ ಗೇಣಿ ಅಕ್ಕಿಯ ಆದಾಯ ನಿಂತಿತು. ಅಲ್ಲಿಂದೀಚೆಗೆ ಅವುಗಳ ಭಾರ ಪೂರ್ತಿ ಬಿದ್ದದ್ದು ಜನರ ಮೇಲೆ. ಹೊಸ ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಸೋರುವ ಮಾಡಿನ ಹತ್ತು ಹಂಚು ಬದಲಿಸಲು ದಾನಿ ಸಿಗುವುದು ಕಷ್ಟ. ಸವಕಳಿಗೆ ಹಣ ತೆಗೆದಿಡದ ಸಂಘ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ನೆರೆಕರೆಯ ಹಬ್ಬ

ಸಂತ ಲಾರೆನ್ಸರ ದಿನ ಆಗಸ್ಟ್ 10. ನಮ್ಮಲ್ಲಿ ಅದು ಆಟಿಯ ಮಳೆ. ಅತ್ತೂರಿನ ದೊಡ್ಡ ಹಬ್ಬ ನಡೆಯುವುದು ಜನವರಿಯ ಕೊನೆಗೆ, ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವ ಹೊತ್ತಿಗೆ. ಹೆಸರೂ ನಮ್ಮದೇ: ಅತ್ತೂರು ಸಾಂತ್‌ಮಾರಿ. ದಿನಗಟ್ಟಲೆ ನಡೆಯುವ ಈ ಜಾತ್ರೆಗೆ ಬರುವವರು ಕ್ರೈಸ್ತರು ಮಾತ್ರವಲ್ಲ. ಹಿಂದೂಗಳು, ಜೈನರು, ಮುಸ್ಲಿಮರು ಎಲ್ಲರೂ ಬರುತ್ತಾರೆ. ಮೇಣದ ಬತ್ತಿ ಹರಕೆ ಒಪ್ಪಿಸುತ್ತಾರೆ, ಕೆರೆಯ ನೀರು ಮುಟ್ಟುತ್ತಾರೆ, ಸಂತೆ ಸುತ್ತಿ ಮಕ್ಕಳಿಗೆ ಮಿಠಾಯಿ, ಬಳೆ ಕೊಂಡು ಮನೆಗೆ ಹೋಗುತ್ತಾರೆ. ಹರಕೆ ಹೇಳಿಕೊಂಡವರ ಮತ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತೂ ಹಾಗೆಯೇ. ಮರಿಯಮ್ಮನವರ ಹುಟ್ಟಿದ ದಿನಕ್ಕೆ ಮಕ್ಕಳು ಹೂ ಹಾಕುತ್ತಾರೆ, ಇಗರ್ಜಿಯಲ್ಲಿ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಮನೆಯಲ್ಲಿ ಹೊಸ ಅಕ್ಕಿಯ ಊಟ. ತುಳುವರ ಮನೆಯಲ್ಲಿ ಇದೇ ಸುಮಾರಿಗೆ ತೆನೆ ಕಟ್ಟುವುದು, ಪುದ್ವಾರ್ ಊಟ. ಪ್ರಾರ್ಥನೆ ಬೇರೆ, ತೆನೆ ಒಂದೇ. ಗದ್ದೆಗಳನ್ನು ಮುಚ್ಚಿ ಸೈಟು ಮಾಡುವ ಈ ಕಾಲದಲ್ಲಿ ತೆನೆಯನ್ನು ಎಲ್ಲಿಂದ ತರುವುದು ಎಂಬ ಚಿಂತೆಯೂ ಎರಡೂ ಮನೆಗಳಿಗೆ ಒಂದೇ.

ಸಂತ ಲಾರೆನ್ಸರ ಬಗ್ಗೆ ಸಹಕಾರಿಗಳು ತಿಳಿಯಬೇಕಾದ ಒಂದು ಸಂಗತಿ. ಕ್ರಿ.ಶ. 258ರಲ್ಲಿ ರೋಮಿನಲ್ಲಿ ಹುತಾತ್ಮರಾದ ಇವರು ಅಲ್ಲಿಯ ಕ್ರೈಸ್ತ ಸಭೆಯ ಖಜಾನೆ ನೋಡಿಕೊಳ್ಳುತ್ತಿದ್ದವರು. ಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದು ಅಧಿಕಾರಿ ಆಜ್ಞೆ ಮಾಡಿದಾಗ, ಇದ್ದದ್ದನ್ನೆಲ್ಲ ಬಡವರಿಗೆ ಹಂಚಿ, ಬಡಬಗ್ಗರು ಕುಂಟರು ಕುರುಡರನ್ನು ಕರೆತಂದು, ನಮ್ಮ ಸಂಪತ್ತು ಇವರೇ ಎಂದು ತೋರಿಸಿದರಂತೆ. ಅದಕ್ಕಾಗಿಯೇ ಅವರನ್ನು ಸುಟ್ಟು ಕೊಂದರೆಂದು ಪ್ರತೀತಿ. ಖಜಾಂಚಿಯೊಬ್ಬರು ಸಂತರಾಗಿ ನಮ್ಮ ತಾಲೂಕಿನಲ್ಲಿ ನೆಲೆಸಿದ್ದಾರೆ ಎಂಬುದು ನಮ್ಮ ಸಂಘಗಳಿಗೆ ಹೆಮ್ಮೆಯೂ ಹೌದು, ಎಚ್ಚರಿಕೆಯೂ ಹೌದು.

ಜನ ಇಲ್ಲದ ಇಗರ್ಜಿ

ಅತ್ತೂರಿನಲ್ಲಿ ಕಟ್ಟಡ ಹೋದರೂ ಜನ ಉಳಿದರು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಅಲ್ಲೊಂದು ದೊಡ್ಡ ಇಗರ್ಜಿ ಕಟ್ಟಿಸಿದರು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣವಾಗಿ ಹಿನ್ನೀರು ಏರಿದಾಗ ಊರವರು ಬೇರೆ ಕಡೆಗೆ ಹೋಗಬೇಕಾಯಿತು. ಕಟ್ಟಡ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಅದು ನೀರಿನಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಏಳುತ್ತದೆ. ಮಾಡು ಇಲ್ಲ, ಬಾಗಿಲಿಲ್ಲ, ಕಮಾನುಗಳು ಮಾತ್ರ. ಪ್ರವಾಸಿಗಳು ಬಂದು ಫೋಟೊ ತೆಗೆದು ಹೋಗುತ್ತಾರೆ.

ಅಣೆಕಟ್ಟಿನಿಂದ ಕೆಳಗಿನ ರೈತರಿಗೆ ನೀರು ಸಿಕ್ಕಿತು, ಅದನ್ನು ನಾವು ತಪ್ಪೆನ್ನಲಾರೆವು. ಆದರೆ ಶೆಟ್ಟಿಹಳ್ಳಿಯ ಗೋಡೆ ನಮಗೊಂದು ಮಾತು ತಿಳಿಸುತ್ತದೆ. ಕಲ್ಲು ಇಟ್ಟಿಗೆ ಎಷ್ಟೇ ಚಂದವಿದ್ದರೂ, ವರ್ಷಕ್ಕೊಮ್ಮೆ ಹಂಚು ಕೈಯಾಡುವ, ಸಂಜೆ ದೀಪ ಹಚ್ಚುವ ಜನ ಹೋದರೆ ಅದು ನೋಡುವ ವಸ್ತುವಾಗುತ್ತದೆ, ಬಾಳುವ ಆಸ್ತಿಯಾಗಿ ಉಳಿಯುವುದಿಲ್ಲ. ಅತ್ತೂರು ಮತ್ತು ಶೆಟ್ಟಿಹಳ್ಳಿ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಪರಂಪರೆಯ ಲೆಕ್ಕ ತಿಳಿಯುತ್ತದೆ. ಜನರಿಗೆ ಕಟ್ಟಡ ಬೇಕು, ಕಟ್ಟಡಕ್ಕೆ ಜನ ಬೇಕು.

ನಾವು ಮಾಡಬಹುದಾದದ್ದು

ಕೊನೆಗೆ, ಬರೇ ಮಾತಾಡಿ ಮುಗಿಸುವುದು ಸಹಕಾರಿಗಳ ಕ್ರಮವಲ್ಲ. ಆದ್ದರಿಂದ ಕೆಲವು ಸೂಚನೆಗಳು. ಇವು ಇಗರ್ಜಿಗೆ ಮಾತ್ರವಲ್ಲ, ಊರಿನ ಯಾವುದೇ ಹಳೆಯ ಆರಾಧನೆಯ ಸ್ಥಳಕ್ಕೂ ಸಲ್ಲುತ್ತವೆ.

1. ಕೆಡವುವ ಠರಾವು ಮಾಡುವ ಮೊದಲು, ಹಳೆಯ ಕಟ್ಟಡಗಳ ಅನುಭವ ಇರುವ ಒಬ್ಬ ಇಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕು. ಮಾಡು ಹಾಳಾದ ಮಾತ್ರಕ್ಕೆ ಗೋಡೆ ಹಾಳೆಂದು ಅರ್ಥವಲ್ಲ.

2. ಜಾಗ ಸಾಲದಿದ್ದರೆ ಪಕ್ಕದಲ್ಲಿ ಹೊಸದು ಕಟ್ಟಿ ಹಳೆಯದನ್ನು ಉಳಿಸಬಹುದೇ ಎಂದು ಮಹಾಸಭೆಯಲ್ಲಿ ಚರ್ಚಿಸಬೇಕು. ಹಳೆಯದನ್ನು ಮಕ್ಕಳ ಪಾಠಕ್ಕೆ, ಪುಸ್ತಕ ಇಡಲು, ಸಣ್ಣ ಪೂಜೆಗೆ ಬಳಸಬಹುದು. ಬಳಕೆಯಲ್ಲಿದ್ದರೆ ಮಾತ್ರ ಅದು ಉಳಿಯುತ್ತದೆ.

3. ಸುಣ್ಣದ ಗೋಡೆಗೆ ಸುಣ್ಣದಲ್ಲೇ ರಿಪೇರಿ. ಗೊತ್ತಿರುವ ಹಿರಿಯ ಮೇಸ್ತ್ರಿಗಳು ಇರುವಾಗಲೇ ನಾಲ್ಕು ಹುಡುಗರು ಅವರ ಕೈಕೆಳಗೆ ಕಲಿಯಬೇಕು.

4. ಹಳೆಯ ದಾಖಲೆ ಪುಸ್ತಕಗಳನ್ನು ಪುಟಪುಟವಾಗಿ ಫೋಟೊ ತೆಗೆದು ಎರಡು ಕಡೆ ಇಡಬೇಕು. ಇದು ದೊಡ್ಡ ಖರ್ಚಿನದ್ದಲ್ಲ.

5. ಕೆಡವಲೇಬೇಕಾಗಿ ಬಂದರೆ, ಮೊದಲು ಅಳತೆ ತೆಗೆದು, ಚಿತ್ರ ತೆಗೆದು, ಗಂಟೆ, ಮರದ ಕೆತ್ತನೆ, ಮೂರ್ತಿ, ಗೋರಿಕಲ್ಲು, ದಾರಿಬದಿಯ ಶಿಲುಬೆ ಇವನ್ನು ಗುಜರಿಗೆ ಕೊಡದೆ ಜೋಪಾನ ಮಾಡ್ಬೇಕು.

6. ವರ್ಷವರ್ಷ ದುರಸ್ತಿಗೆಂದೇ ಒಂದು ನಿಧಿ ಬೇಕು. ನಮ್ಮ ಸಂಘದಲ್ಲಿ ಲಾಭದಿಂದ ಕಾದಿಟ್ಟ ನಿಧಿಗೆ ತೆಗೆದಿಡುವಂತೆಯೇ ಇದೂ.

ಸಂಘಕ್ಕೆ ಇಪ್ಪತ್ತೈದು ತುಂಬಿದ್ದು ಸಂತೋಷದ ವಿಷಯ. ಆದರೆ ನಮ್ಮ ಇಪ್ಪತ್ತೈದರ ಹಿಂದೆ ಇನ್ನೂರು ಮುನ್ನೂರು ವರ್ಷದ ಕೂಡುಬಾಳ್ವೆ ಉಂಟು. ಸೆರೆಯಿಂದ ಬರಿಗೈಯಲ್ಲಿ ಬಂದು ಹುಲ್ಲಿನ ಮಾಡು ಎಬ್ಬಿಸಿದವರು, ತನ್ನ ಮತದ್ದಲ್ಲದ ಇಗರ್ಜಿಗಾಗಿ ದೊರೆಯ ಮುಂದೆ ಮಾತಾಡಿದ ಅರಸ, ಕಲ್ಲು ಕಡಿದವರು, ಹಂಚು ಹೊತ್ತವರು, ಇವರೆಲ್ಲ ನಮ್ಮ ಸದಸ್ಯತ್ವ ಪುಸ್ತಕದಲ್ಲಿ ಹೆಸರಿಲ್ಲದ ಪಾಲುದಾರರು. ಅವರು ಹಾಕಿದ ಬಂಡವಾಳವನ್ನು ನಾವು ಬಡ್ಡಿಯಿಲ್ಲದೆ ಅನುಭವಿಸುತ್ತಿದ್ದೇವೆ. ಅಸಲನ್ನಾದರೂ ಮುಂದಿನವರಿಗೆ ಒಪ್ಪಿಸುವ.